ಡಿಸ್ಕ್ ಹೋದರೆ ಕಂಪ್ಯೂಟರೇ ಹೋಯಿತು ಅಂದುಕೊಳ್ಳಬೇಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಪ್ರಶ್ನೋತ್ತರ ಅಂಕಣದಲ್ಲಿ ಈಚೆಗೆ ಓದುಗರೊಬ್ಬರು ಕೇಳಿದ್ದರು: ಹಳೆಯ ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್ ಕೆಟ್ಟಿದೆ, ಇನ್ನು ಇದರಿಂದ ಏನಾದರೂ ಉಪಯೋಗ ಇದೆಯೇ ಅಂತ. ಉತ್ತರ ಒಂದೇ ಸಾಲು. ಇಲ್ಲ, ಹೊಸದು ತೆಗೆದುಕೊಳ್ಳಿ. ಅದನ್ನು ಓದಿದ ಮೇಲೆ ನನಗೆ ಸುಮ್ನೆ ಕೂರಲು ಆಗಲಿಲ್ಲ. ಯಾಕೆಂದರೆ ಈ ಪತ್ರ ಬರೆಯುತ್ತಿರುವುದೇ ಹಾರ್ಡ್ ಡಿಸ್ಕ್ ಇಲ್ಲದ ಲ್ಯಾಪ್‌ಟಾಪಿನಲ್ಲಿ. ಡಿಸ್ಕ್ ಇದ್ದ ಜಾಗ ಖಾಲಿ ಇದೆ. ಬಲಗಡೆ ಒಂದು ಪೆನ್‌ಡ್ರೈವ್ ಸಿಕ್ಕಿಸಿದೆ, ಅಷ್ಟೇ. ಮೂರು ವರ್ಷದಿಂದ ನನ್ನ ಕೆಲಸವೆಲ್ಲ ಹೀಗೇ ನಡೆದಿದೆ.

ನಾನು ಪುಸ್ತಕಗಳ ಕರಡು ತಿದ್ದುವವಳು. ದಿನಕ್ಕೆ ಆರೇಳು ಗಂಟೆ ಕಂಪ್ಯೂಟರ್ ಮುಂದೆ ಕೂರುತ್ತೇನೆ. ನನ್ನದು 2010ರ ಲ್ಯಾಪ್‌ಟಾಪ್, 2 ಜಿಬಿ ರ‍್ಯಾಮ್, ಅಂದರೆ ಕೆಲಸ ನಡೆಯುವಾಗ ಮಾತ್ರ ವಿಷಯ ಹಿಡಿದಿಡುವ ಮೆಮೊರಿ. ಒಂದು ದಿನ ಕೆಲಸದ ನಡುವೆ ಒಳಗಿನಿಂದ ಟಿಕ್ ಟಿಕ್ ಅಂತ ಸದ್ದು ಬರತೊಡಗಿತು. ಗಡಿಯಾರದ ಸದ್ದಲ್ಲ, ಉಗುರಿನಿಂದ ಡಬ್ಬಿ ಕುಟ್ಟಿದ ಹಾಗೆ. ಮರುದಿನ ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆ, ಆಪರೇಟಿಂಗ್ ಸಿಸ್ಟಂ ಸಿಗಲಿಲ್ಲ ಅನ್ನುವ ಒಂದು ಸಾಲು. ರಿಪೇರಿಗೆ ಕೊಟ್ಟೆ. ಡಿಸ್ಕ್ ಹೋಗಿದೆ, ಯಂತ್ರವೂ ಹಳೆಯದು, ಇದಕ್ಕೆ ದುಡ್ಡು ಹಾಕಬೇಡಿ ಅಂದರು. ಕಾಳಜಿಯಿಂದಲೇ ಹೇಳಿದರು. ನಾನೂ ನಂಬಿದೆ. ಚೀಲದಲ್ಲಿ ಹಾಕಿ ಅಟ್ಟದ ಮೇಲೆ ಇಟ್ಟೆ.

ಅದನ್ನು ಕೆಳಗಿಳಿಸಿದವನು ನನ್ನ ತಂಗಿಯ ಮಗ. "ದೊಡ್ಡಮ್ಮ, ಪರದೆ ಹತ್ತಿಕೊಳ್ಳುತ್ತಾ? ಕೀಲಿಗಳು ಒತ್ತಿದರೆ ಕೆಲಸ ಮಾಡ್ತವಾ? ಹಾಗಾದರೆ ಇದು ಸತ್ತಿಲ್ಲ ಬಿಡಿ" ಅಂದ. ಜೇಬಿನಿಂದ ಪೆನ್‌ಡ್ರೈವ್ ತೆಗೆದು ಸಿಕ್ಕಿಸಿದ. ಆನ್ ಮಾಡುತ್ತಲೇ ಎಫ್12 ಕೀಲಿಯನ್ನು ನಾಲ್ಕೈದು ಸಲ ಒತ್ತಿದ. ಯಾವುದರಿಂದ ಶುರು ಮಾಡಲಿ ಅಂತ ಒಂದು ಸಣ್ಣ ಪಟ್ಟಿ ಬಂತು. ಪೆನ್‌ಡ್ರೈವ್ ಆರಿಸಿದ. ಪರದೆಯ ಮೇಲೆ ಬಿಳಿ ಅಕ್ಷರದ ಸಾಲುಗಳು ಒಂದರ ಹಿಂದೆ ಒಂದು ಓಡಿದವು. ಪೆನ್‌ಡ್ರೈವಿನ ಪುಟ್ಟ ದೀಪ ಮಿನುಗುತ್ತಲೇ ಇತ್ತು. ಆಮೇಲೆ ದೀಪ ನಿಂತಿತು. ಪರದೆಯಲ್ಲಿ ಚಿಕ್ಕ ಚಿಕ್ಕ ಚಿತ್ರಗಳ ಸಾಲು, ಕೆಳಗೆ ಒಂದು ಪಟ್ಟಿ. ಪಪ್ಪಿ ಲಿನಕ್ಸ್ ಅಂತ ಅದರ ಹೆಸರು. ಲಿನಕ್ಸ್ ಅಂದರೆ ವಿಂಡೋಸ್‌ನ ಹಾಗೆ ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆ. ಅದರಲ್ಲಿ ಹಲವು ಬಗೆ, ಪಪ್ಪಿ ಒಂದು. ಮೌಸ್ ಅಲ್ಲಾಡಿಸಿದೆ. ಡಿಸ್ಕ್ ಇದ್ದಾಗ ಇದ್ದುದಕ್ಕಿಂತ ಚುರುಕಾಗಿತ್ತು.

ನನಗೆ ಅವತ್ತು ಅರ್ಥವಾಗಿದ್ದು ಇಷ್ಟು. ಕಂಪ್ಯೂಟರ್ ಒಂದೇ ವಸ್ತುವಲ್ಲ. ಪ್ರೊಸೆಸರ್ ಬೇರೆ, ರ‍್ಯಾಮ್ ಬೇರೆ, ಪರದೆ ಬೇರೆ, ಡಿಸ್ಕ್ ಬೇರೆ. ಒಳಗೆ ತಟ್ಟೆ ತಿರುಗುವ ಹಳೆಯ ಮಾದರಿಯ ಡಿಸ್ಕ್ ಸವೆಯುವ ವಸ್ತು. ಅದು ಕೈಕೊಟ್ಟರೆ ಉಳಿದದ್ದೆಲ್ಲ ಗಟ್ಟಿಯಾಗಿಯೇ ಇರಬಹುದು. ನಾವು ಮಾತ್ರ ಎಲ್ಲಕ್ಕೂ ಸೇರಿಸಿ ಹೋಯಿತು ಅಂತ ಹೇಳಿಬಿಡುತ್ತೇವೆ.

ಡಿಸ್ಕೇ ಇಲ್ಲದೆ ಇದು ಹೇಗೆ ನಡೆಯುತ್ತದೆ ಅಂತ ತುಂಬಾ ಜನ ಕೇಳಿದ್ದಾರೆ. ನನ್ನ ಕೆಲಸದ ಮಾತಿನಲ್ಲೇ ಹೇಳುತ್ತೇನೆ. ಅಚ್ಚಾದ ಹಾಳೆಯ ಮೇಲೆ ಒಂದು ತೆಳ್ಳಗಿನ ಪಾರದರ್ಶಕ ಹಾಳೆ ಇಟ್ಟು, ತಿದ್ದುಪಡಿಯನ್ನೆಲ್ಲ ಮೇಲಿನ ಹಾಳೆಯಲ್ಲಿ ಗುರುತು ಮಾಡಿದಿರಿ ಅನ್ನಿ. ಮೇಲಿನಿಂದ ನೋಡಿದರೆ ಅಚ್ಚು, ತಿದ್ದುಪಡಿ ಎರಡೂ ಸೇರಿ ಒಂದೇ ಪುಟದಂತೆ ಕಾಣುತ್ತದೆ. ಕೆಳಗಿನ ಅಚ್ಚಿಗೆ ಒಂದು ಗೆರೆಯೂ ಬಿದ್ದಿರುವುದಿಲ್ಲ. ಪೆನ್‌ಡ್ರೈವಿನ ಲಿನಕ್ಸ್ ಕೂಡ ಹೀಗೇ. ಇಡೀ ವ್ಯವಸ್ಥೆಯನ್ನು ಒತ್ತಿ ಕುಗ್ಗಿಸಿ ಒಂದೇ ಕಡತ ಮಾಡಿರುತ್ತಾರೆ. ಅದಕ್ಕೆ ಸ್ಕ್ವಾಶ್‌ಎಫ್‌ಎಸ್ ಅಂತಾರೆ. ಅದನ್ನು ಓದಬಹುದು, ಅದರಲ್ಲಿ ಬರೆಯಲು ಬರುವುದಿಲ್ಲ. ಅದು ಅಚ್ಚಾದ ಹಾಳೆ. ನಾವು ಮಾಡುವ ಬದಲಾವಣೆ ಎಲ್ಲ ರ‍್ಯಾಮಿನಲ್ಲಿರುವ ಮೇಲಿನ ಹಾಳೆಗೆ ಹೋಗುತ್ತದೆ. ಪಪ್ಪಿಯಂಥ ಚಿಕ್ಕ ವ್ಯವಸ್ಥೆಯಾದರೆ, ರ‍್ಯಾಮ್ ಸಾಕಷ್ಟು ಇದ್ದಾಗ, ಆ ಕುಗ್ಗಿಸಿದ ಕಡತವನ್ನೂ ಪೂರ್ತಿ ರ‍್ಯಾಮಿಗೇ ಎತ್ತಿಕೊಳ್ಳುತ್ತದೆ. ಅವತ್ತು ದೀಪ ಮಿನುಗಿ ಆಮೇಲೆ ನಿಂತಿದ್ದು ಅದಕ್ಕೇ. ಚುರುಕು ಬಂದದ್ದೂ ಅದರಿಂದಲೇ. ಪ್ರತಿ ಸಲ ಡಿಸ್ಕಿನ ಹತ್ತಿರ ಹೋಗಿ ಕೇಳುವ ಕೆಲಸವೇ ಇಲ್ಲವಲ್ಲ!

ನಾನು ಮೊದಲು ಬಳಸಿದ ಪಪ್ಪಿಯ ಗಾತ್ರ ಸುಮಾರು 400 ಎಂಬಿ. ಅದರೊಳಗೇ ಬರೆಯುವ ತಂತ್ರಾಂಶ, ಲೆಕ್ಕದ ಹಾಳೆ, ಚಿತ್ರ ನೋಡುವುದು, ಹಾಡು ಕೇಳುವುದು ಎಲ್ಲ ಇತ್ತು. ನನಗೆ ಲಿಬ್ರೆ ಆಫೀಸ್ ಅನ್ನುವ, ಇನ್ನೂ ದೊಡ್ಡ ಬರವಣಿಗೆಯ ತಂತ್ರಾಂಶ ಬೇಕಿತ್ತು. ಅದನ್ನು ಎಸ್‌ಎಫ್‌ಎಸ್ ಅನ್ನುವ ಇನ್ನೊಂದು ಕಡತವಾಗಿ ಸೇರಿಸಿಕೊಂಡೆ. ಒಂದು ಹಾಳೆಯ ಮೇಲೆ ಇನ್ನೊಂದು ಹಾಳೆ ಇಟ್ಟ ಹಾಗೆ. ಬೇಡವಾದರೆ ತೆಗೆದಿಡಬಹುದು.

ಇಲ್ಲಿ ಒಂದು ಮುಖ್ಯವಾದ ಮಾತಿದೆ. ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ನನಗೂ ಹೇಳಿರಲಿಲ್ಲ, ಅಥವಾ ಹೇಳಿದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ.

ಎರಡನೆಯ ದಿನ ಒಬ್ಬಳೇ ಕೂತು ಒಂದು ಕಾದಂಬರಿಯ 38 ಪುಟ ತಿದ್ದಿದೆ. ಒಳ್ಳೆಯ ಬರವಣಿಗೆ. ಆದರೆ ಅಲ್ಪಪ್ರಾಣ ಮಹಾಪ್ರಾಣ ಎಲ್ಲ ಕಲಸಿಹೋಗಿದ್ದವು. ಬೆಳಿಗ್ಗೆ ಕೂತವಳು ಎದ್ದಾಗ ಕತ್ತಲಾಗಿತ್ತು. ಕಡತ ಸೇವ್ ಮಾಡಿದ್ದೆ, ಅದೂ ಒಂದಲ್ಲ ಹತ್ತು ಸಲ. ಕಂಪ್ಯೂಟರ್ ಮುಚ್ಚಲು ಹೋದಾಗ ಒಂದು ಚೌಕ ಬಂತು. ಈ ಅವಧಿಯಲ್ಲಿ ಆದ ಬದಲಾವಣೆಗಳನ್ನು ಉಳಿಸಬೇಕೇ ಅಂತ ಕೇಳಿತು. ಏನೋ ಹೊಸದು ಕೇಳುತ್ತಿದೆ, ಹೌದು ಅಂದರೆ ಹುಡುಗ ಮಾಡಿಕೊಟ್ಟದ್ದು ಕೆಟ್ಟೀತು ಅಂತ ಹೆದರಿಕೆ ಆಯಿತು. ಬೇಡ ಅಂತ ಒತ್ತಿದೆ. ಬೆಳಿಗ್ಗೆ ತೆರೆದರೆ ನಿನ್ನೆಯ ಕಡತವೇ ಇಲ್ಲ. ವಾಲ್‌ಪೇಪರ್ ಕೂಡ ಮೊದಲಿನದೇ. ನಾನು ಕಂಪ್ಯೂಟರ್ ಮುಟ್ಟಿಯೇ ಇಲ್ಲ ಅನ್ನುವ ಹಾಗೆ ನಿಂತಿತ್ತು. ಸೇವ್ ಮಾಡಿದ್ದೆಲ್ಲ ರ‍್ಯಾಮಿನ ಮೇಲಿನ ಹಾಳೆಗೆ ಹೋಗಿತ್ತು. ಕರೆಂಟು ನಿಂತರೆ ರ‍್ಯಾಮಿನಲ್ಲಿ ಏನೂ ಉಳಿಯುವುದಿಲ್ಲ. ಆ 38 ಪುಟ ಮತ್ತೆ ತಿದ್ದಲು ಎರಡು ದಿನ ಹಿಡಿಯಿತು.

ಆದ್ದರಿಂದ ಹೊಸದಾಗಿ ಶುರು ಮಾಡುವವರಿಗೆ ನನ್ನ ಕೋರಿಕೆ ಇದು. ಮೊದಲ ಸಲ ಮುಚ್ಚುವಾಗ ಉಳಿಸುವ ಕಡತ ಮಾಡಲೇ ಅಂತ ಕೇಳಿದರೆ ಹೌದು ಅನ್ನಿ. ಮೇಲಿನ ಹಾಳೆಯಲ್ಲಿದ್ದದ್ದು ಆಗ ಪೆನ್‌ಡ್ರೈವಿನ ಆ ಕಡತಕ್ಕೆ ಹೋಗುತ್ತದೆ. ಉಳಿದ ಲಿನಕ್ಸ್‌ಗಳಲ್ಲಿ ಇದಕ್ಕೆ ಪರ್ಸಿಸ್ಟೆನ್ಸ್ ಅಂತ ಹೆಸರು. ಪೆನ್‌ಡ್ರೈವ್ ತಯಾರಿಸುವಾಗಲೇ ಅದನ್ನು ಆರಿಸಿಕೊಳ್ಳಬೇಕಾಗಬಹುದು. ಆಯ್ಕೆ ಮಾಡದಿದ್ದರೆ ಪ್ರತಿ ಸಲ ಹೊಸದಾಗಿಯೇ ಶುರುವಾಗುತ್ತದೆ. ಕೆಲವರಿಗೆ ಅದೇ ಬೇಕಿರುತ್ತದೆ. ಟೇಲ್ಸ್ ಅನ್ನುವ ವ್ಯವಸ್ಥೆಯನ್ನು ಹಿಂದಿನ ಗುರುತು ಏನೂ ಉಳಿಯಬಾರದು ಅಂತಲೇ ಮಾಡಿದ್ದಾರೆ. ನನ್ನಂಥ ಕೆಲಸದವರಿಗೆ ಮಾತ್ರ ಉಳಿಯಲೇಬೇಕು. ಪೆನ್‌ಡ್ರೈವ್ ಎಫ್‌ಎಟಿ32 ಅನ್ನುವ, ಕಡತ ಜೋಡಿಸಿಡುವ ಹಳೆಯ ಮಾದರಿಯಲ್ಲಿದ್ದರೆ ಒಂದು ಕಡತ 4 ಜಿಬಿ ದಾಟಲು ಬರುವುದಿಲ್ಲ, ಉಳಿಸುವ ಕಡತಕ್ಕೂ ಅದೇ ಮಿತಿ. ನಾನು ಬರೆದ ಕಡತಗಳನ್ನು ಅದರೊಳಗೆ ಇಡುವುದೇ ಇಲ್ಲ. ಪೆನ್‌ಡ್ರೈವನ್ನು ಎರಡು ಭಾಗ ಮಾಡಿ, ಒಂದು ಭಾಗದಲ್ಲಿ ಲಿನಕ್ಸ್, ಇನ್ನೊಂದರಲ್ಲಿ ನನ್ನ ಕಡತಗಳು. ಲಿನಕ್ಸ್ ಕಡೆ ಏನಾದರೂ ಕೆಟ್ಟರೂ ಕರಡುಗಳಿಗೆ ತೊಂದರೆ ಬರುವುದು ಕಡಿಮೆ.

ಇಂಥ ಪೆನ್‌ಡ್ರೈವ್ ತಯಾರಿಸುವುದು ಕಷ್ಟವೇನಲ್ಲ, ಎಚ್ಚರ ಬೇಕು ಅಷ್ಟೇ. ಇಡೀ ಲಿನಕ್ಸ್ ಒಂದೇ ಕಡತವಾಗಿ ಸಿಗುತ್ತದೆ, ಅದಕ್ಕೆ ಐಎಸ್‌ಒ ಅಂತಾರೆ. ಆ ಕಡತವನ್ನು ಲಿನಕ್ಸ್ ಮಾಡಿದವರ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ಸುಮ್ನೆ ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಅದರಿಂದ ಕಂಪ್ಯೂಟರ್ ಶುರುವಾಗುವುದಿಲ್ಲ. ರೂಫಸ್, ಎಚರ್ ಇಂಥ ತಂತ್ರಾಂಶದಿಂದ ಬರೆಯಬೇಕು. ವೆಂಟಾಯ್ ಅಂತ ಒಂದಿದೆ. ಅದನ್ನು ಒಮ್ಮೆ ಹಾಕಿದರೆ ಆಮೇಲೆ ಐಎಸ್‌ಒ ಕಡತಗಳನ್ನು ನಿಜವಾಗಿಯೂ ಸುಮ್ನೆ ಕಾಪಿ ಮಾಡಬಹುದು. ನಾಲ್ಕಾರು ಲಿನಕ್ಸ್ ಒಂದೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ಯಾವುದು ಹೊಂದುತ್ತದೆ ಅಂತ ನೋಡಲು ಅದು ತುಂಬಾ ಅನುಕೂಲ.

ಬರೆಯುವಾಗ ಆ ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದು ಎಲ್ಲ ಅಳಿಸಿಹೋಗುತ್ತದೆ. ನಾನೊಮ್ಮೆ ಎರಡು ಪೆನ್‌ಡ್ರೈವ್ ಒಟ್ಟಿಗೆ ಸಿಕ್ಕಿಸಿಕೊಂಡು ಕೂತಿದ್ದೆ. ಪಟ್ಟಿಯಲ್ಲಿ ತಪ್ಪಾದದ್ದನ್ನು ಆರಿಸಿದೆ. ಹನ್ನೊಂದು ವರ್ಷದಿಂದ ಕೂಡಿಟ್ಟ ಕಾಗುಣಿತದ ತಪ್ಪುಗಳ ಪಟ್ಟಿ ಅದರಲ್ಲಿತ್ತು. ಪುಣ್ಯಕ್ಕೆ ಮುದ್ರಿಸಿದ ಪ್ರತಿ ಒಂದಿತ್ತು, ಕೂತು ಮತ್ತೆ ಟೈಪ್ ಮಾಡಿದೆ. ಈಗ ಬರೆಯುವಾಗ ಬೇಕಾದ ಒಂದೇ ಒಂದು ಪೆನ್‌ಡ್ರೈವ್ ಬಿಟ್ಟು ಉಳಿದದ್ದೆಲ್ಲ ಕಿತ್ತು ಪಕ್ಕಕ್ಕೆ ಇಡುತ್ತೇನೆ. ಗಾತ್ರವನ್ನೂ ಎರಡು ಸಲ ಓದುತ್ತೇನೆ.

ಇಳಿಸಿಕೊಂಡ ಐಎಸ್‌ಒ ಸರಿಯಾಗಿದೆಯೇ ಅಂತ ಪರೀಕ್ಷಿಸುವುದನ್ನು ಬಿಡಬೇಡಿ. ಮಾಡಿದವರು ತಮ್ಮ ತಾಣದಲ್ಲಿ ಚೆಕ್‌ಸಮ್ ಅಂತ ಅಕ್ಷರ, ಅಂಕಿಗಳ ಒಂದು ಉದ್ದನೆಯ ಸಾಲು ಕೊಟ್ಟಿರುತ್ತಾರೆ. ನಮ್ಮ ಕಡತದಿಂದ ಬಂದ ಸಾಲು ಅದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಇದು ಕರಡು ತಾಳೆ ನೋಡಿದ ಹಾಗೇ. 2016ರ ಫೆಬ್ರುವರಿಯಲ್ಲಿ ಲಿನಕ್ಸ್ ಮಿಂಟ್‌ನ ತಾಣಕ್ಕೇ ಕಳ್ಳರು ನುಗ್ಗಿ, ಜನ ಇಳಿಸಿಕೊಳ್ಳುವ ಕೊಂಡಿಯನ್ನು ಬದಲಾಯಿಸಿ, ಕದ್ದು ಒಳಗೆ ಬರಲು ಹಿಂಬಾಗಿಲು ಇಟ್ಟ ಐಎಸ್‌ಒ ಹಂಚಿದ್ದರು. ತಾಣಕ್ಕೇ ನುಗ್ಗಿದವರು ಅಲ್ಲಿನ ಸಾಲನ್ನೂ ಬದಲಾಯಿಸಿಬಿಡಬಹುದು. ಹಾಗಾಗಿ ಅವರ ಡಿಜಿಟಲ್ ಸಹಿಯನ್ನೂ ತಾಳೆ ನೋಡುವುದು ಇನ್ನೂ ಭದ್ರ. ಅರ್ಧಂಬರ್ಧ ಇಳಿದ ಕಡತವನ್ನು ಹಿಡಿಯಲಂತೂ ಚೆಕ್‌ಸಮ್ ಒಂದೇ ಸಾಕು.

ಕೀಲಿಯ ವಿಷಯ. ಕೆಲವು ಯಂತ್ರಗಳಲ್ಲಿ ಎಫ್12, ಕೆಲವಲ್ಲಿ ಎಫ್9, ಕೆಲವಲ್ಲಿ ಎಸ್ಕೇಪ್. ಆನ್ ಮಾಡಿದ ಕೂಡಲೇ ಒತ್ತಬೇಕು, ತಡವಾದರೆ ಕೇಳುವುದಿಲ್ಲ. ಹೊಸ ಯಂತ್ರಗಳಲ್ಲಿ ಸೆಕ್ಯೂರ್ ಬೂಟ್ ಅನ್ನುವ ಕಾವಲು ಇರುತ್ತದೆ. ಕೆಲವು ಚಿಕ್ಕ ಲಿನಕ್ಸ್‌ಗಳನ್ನು ಅದು ಒಳಗೆ ಬಿಡುವುದಿಲ್ಲ. ಅದನ್ನು ಆಫ್ ಮಾಡಬಹುದು, ಆದರೆ ಆ ಯಂತ್ರದ ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅನ್ನುವ ಡಿಸ್ಕಿನ ಬೀಗ ಇದ್ದರೆ ಮುಂದಿನ ಸಲ ವಿಂಡೋಸ್ ತೆರೆಯುವಾಗ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದನ್ನು ಮೊದಲೇ ಬರೆದಿಟ್ಟುಕೊಳ್ಳದೆ ಕೈ ಹಾಕಬೇಡಿ. ಕೆಟ್ಟ ಯಂತ್ರ ಉಳಿಸಲು ಹೋಗಿ ಒಳ್ಳೆಯ ಯಂತ್ರಕ್ಕೆ ಬೀಗ ಹಾಕಿಕೊಂಡ ಹಾಗಾಗುತ್ತದೆ.

ಯಾವ ಲಿನಕ್ಸ್ ಅಂತ ಕೇಳಿದರೆ ನಾನು ಬಳಸಿದ್ದನ್ನಷ್ಟೇ ಹೇಳಬಲ್ಲೆ. ಪಪ್ಪಿಯನ್ನು ಬ್ಯಾರಿ ಕಾಲರ್ ಅನ್ನುವವರು 2003ರಲ್ಲಿ ಶುರು ಮಾಡಿದರು. ಆ್ಯಂಟಿಎಕ್ಸ್ ಅಂತ ಇನ್ನೊಂದಿದೆ, ಡೆಬಿಯನ್ ಅನ್ನುವ ದೊಡ್ಡ ಲಿನಕ್ಸ್ ಮೇಲೆ ಕಟ್ಟಿದ್ದು. ಬದಲಾವಣೆ ಉಳಿಸುವುದಕ್ಕೆ ಅದರಲ್ಲಿ ಒಳ್ಳೆಯ ಏರ್ಪಾಡು ಇದೆ. ಟೈನಿ ಕೋರ್ ಕಿಟಕಿಗಳ ಪರದೆಯೂ ಸೇರಿ ಸುಮಾರು 25 ಎಂಬಿ, ಆದರೆ ಬೇಕಾದ್ದನ್ನೆಲ್ಲ ನಾವೇ ಜೋಡಿಸಿಕೊಳ್ಳಬೇಕು. ಮೊದಲ ಸಲದವರಿಗೆ ನಾನು ಅದನ್ನು ಹೇಳುವುದಿಲ್ಲ. ಈ ದಾರಿಯನ್ನು ಜನರಿಗೆ ತೋರಿಸಿದ್ದು ಜರ್ಮನಿಯ ಕ್ಲಾಸ್ ಕ್ನಾಪರ್. 2000ದಲ್ಲೇ ಅವರು ಕ್ನಾಪಿಕ್ಸ್ ಅನ್ನುವ ಲಿನಕ್ಸನ್ನು ಒಂದು ಸಿ.ಡಿ.ಯಲ್ಲಿ ಹಿಡಿಸಿ, ಏನೂ ಇನ್‌ಸ್ಟಾಲ್ ಮಾಡದೆ ನಡೆಯುವಂತೆ ಮಾಡಿದ್ದರು. ಸಿ.ಡಿ.ಗೆ ಹಿಂತಿರುಗಿ ಬರೆಯಲು ಆಗುತ್ತಿರಲಿಲ್ಲ. ಪೆನ್‌ಡ್ರೈವಿನಿಂದ ಅದೊಂದು ಕೊರತೆ ನೀಗಿತು.

ತೀರಾ ಹಳೆಯ, 32 ಬಿಟ್ ಪ್ರೊಸೆಸರಿನ ಯಂತ್ರ ಇರುವವರು ಇಳಿಸಿಕೊಳ್ಳುವ ಮುಂಚೆ ನೋಡಿಕೊಳ್ಳಿ. ದೊಡ್ಡ ದೊಡ್ಡ ಲಿನಕ್ಸ್‌ಗಳು ಅವನ್ನು ಕೈಬಿಡುತ್ತಿವೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಅಂಥ ಯಂತ್ರಗಳಿಗೆ ಇನ್‌ಸ್ಟಾಲರ್ ಇಲ್ಲ. ಆ್ಯಂಟಿಎಕ್ಸ್ 23 ಆವೃತ್ತಿಯಲ್ಲಿ 32 ಬಿಟ್‌ನದು ಸಿಗುತ್ತದೆ.

ಇದರಿಂದ ಎಲ್ಲವೂ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಲಿನಕ್ಸ್ ಹಗುರವಾಗಿರಬಹುದು, ಇವತ್ತಿನ ಜಾಲತಾಣಗಳು ಹಗುರವಾಗಿಲ್ಲ. ನನ್ನ 2 ಜಿಬಿಯಲ್ಲಿ ಬ್ರೌಸರ್‌ನ ಮೂರು ನಾಲ್ಕು ಟ್ಯಾಬ್ ತೆರೆದರೆ ಉಸಿರು ಕಟ್ಟುತ್ತದೆ. ವಿಡಿಯೊ ಕರೆಗೆ ನಾನು ಮೊಬೈಲನ್ನೇ ಬಳಸುತ್ತೇನೆ. ಕನ್ನಡ ಟೈಪಿಂಗ್‌ಗೆ ತೊಂದರೆ ಇಲ್ಲ. ಐಬಸ್ ಅನ್ನುವ ಟೈಪಿಂಗ್ ತಂತ್ರಾಂಶ ಹಾಕಿಕೊಂಡರೆ ಕೆಜಿಪಿ ಅನ್ನುವ ಕನ್ನಡ ಕೀಲಿಮಣೆ ಸಿಗುತ್ತದೆ, ಕೈಗೆ ರೂಢಿಯಾದ ಜಾಗದಲ್ಲೇ ಅಕ್ಷರಗಳು. ಆದರೆ ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬಂದ ಕಡತ ತೆರೆದರೆ ಗೊಜಲು ಗೊಜಲಾಗಿ ಕಾಣುತ್ತದೆ. ಅದನ್ನು ಪರಿವರ್ತಿಸಿಕೊಂಡು ಆಮೇಲೆ ಇನ್ನೊಮ್ಮೆ ಓದಲೇಬೇಕು. ಒತ್ತಕ್ಷರ ಎಲ್ಲಾದರೂ ಜಾರಿರುತ್ತದೆ.

ಪೆನ್‌ಡ್ರೈವೂ ಸವೆಯುತ್ತದೆ. ಅದರ ಒಳಗಿನ ಚಿಪ್ಪಿಗೆ ಇಷ್ಟು ಸಲ ಬರೆಯಬಹುದು ಅಂತ ಮಿತಿ ಇದೆ. ಪಪ್ಪಿ ಬದಲಾವಣೆಯನ್ನು ರ‍್ಯಾಮಿನಲ್ಲಿ ಇಟ್ಟುಕೊಂಡು ಆಗಾಗ ಮಾತ್ರ ಪೆನ್‌ಡ್ರೈವಿಗೆ ಇಳಿಸುವುದು ಅದನ್ನು ಕಾಪಾಡಲಿಕ್ಕೇ. ಹಾಗಿದ್ದೂ ನನ್ನ ಮೊದಲ ಪೆನ್‌ಡ್ರೈವ್ ಒಂದೂವರೆ ವರ್ಷಕ್ಕೆ ಹೋಯಿತು. ಒಂದು ಬೆಳಿಗ್ಗೆ ಬರೆಯಲು ಬಿಡಲಿಲ್ಲ, ಓದಲು ಮಾತ್ರ ಬಿಟ್ಟಿತು. ಅದರದೇ ಪ್ರತಿ ಇನ್ನೊಂದು ಪೆನ್‌ಡ್ರೈವಿನಲ್ಲಿ ಇದ್ದದ್ದರಿಂದ ಅವತ್ತಿನ ಕೆಲಸ ನಿಲ್ಲಲಿಲ್ಲ. ವಾರಕ್ಕೊಮ್ಮೆ ಪ್ರತಿ ಮಾಡುತ್ತೇನೆ. ಹೊಸ ಪೆನ್‌ಡ್ರೈವ್ ತಂದಾಗ ಎಫ್3 ಅನ್ನುವ ತಂತ್ರಾಂಶದಿಂದ ಮೊದಲು ಅಳೆದು ನೋಡುತ್ತೇನೆ. ಮೇಲೆ 64 ಜಿಬಿ ಅಂತ ಬರೆದು ಒಳಗೆ 8 ಇಟ್ಟಿರುವುದೂ ಉಂಟು. ತುಂಬುವ ತನಕ ಗೊತ್ತೇ ಆಗುವುದಿಲ್ಲ, ಅದಾದ ಮೇಲೆ ಹಾಕಿದ ಕಡತಗಳೆಲ್ಲ ಹಾಳು.

ಕಳೆದ ವರ್ಷ ನನ್ನ ತಂಗಿಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ತೆರೆಯುವುದು ನಿಂತಿತು. ಡಿಸ್ಕ್ ಚೆನ್ನಾಗಿಯೇ ಇತ್ತು. ಮಗನ ಚಿಕ್ಕಂದಿನ ಫೋಟೊಗಳೆಲ್ಲ ಅದರೊಳಗೆ. ಫಾರ್ಮ್ಯಾಟ್ ಮಾಡದೆ ಬೇರೆ ದಾರಿ ಇಲ್ಲ ಅಂತ ರಿಪೇರಿಯವರು ಅಂದರಂತೆ. "ಅಕ್ಕಾ, ನಿನ್ನ ಪೆನ್‌ಡ್ರೈವ್ ತಗೊಂಡು ಬಾ" ಅಂತ ಫೋನ್ ಮಾಡಿದಳು. ಹೋಗಿ ಸಿಕ್ಕಿಸಿದೆ. ಲಿನಕ್ಸ್ ತೆರೆದುಕೊಂಡಿತು, ಡಿಸ್ಕಿನ ಭಾಗಗಳೂ ಕಂಡವು. ಅದೃಷ್ಟಕ್ಕೆ ಬಿಟ್‌ಲಾಕರ್ ಇರಲಿಲ್ಲ, ಇದ್ದಿದ್ದರೆ ಕೀ ಇಲ್ಲದೆ ಒಳಗೆ ಹೋಗಲು ಆಗುತ್ತಿರಲಿಲ್ಲ. ಆ ಭಾಗ ತೆರೆಯುವಾಗ, ವಿಂಡೋಸ್ ಪೂರ್ತಿ ಮುಚ್ಚಿಲ್ಲ, ಓದಲು ಮಾತ್ರ ಕೊಡುತ್ತೇನೆ ಅನ್ನುವ ಅರ್ಥದ ಸೂಚನೆ ಬಂತು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಹಾಗೆ ಮಾಡುತ್ತದೆ, ಮುಚ್ಚಿದಂತೆ ಕಂಡರೂ ಅರ್ಧ ನಿದ್ದೆಯಲ್ಲಿರುತ್ತದೆ. ನಮಗೆ ಓದಿದರೆ ಸಾಕಿತ್ತು, ಬರೆಯುವುದು ಬೇಕಿರಲಿಲ್ಲ. ಬಲವಂತವಾಗಿ ಬರೆಯಲು ಹೋಗಿದ್ದರೆ ಇದ್ದದ್ದೂ ಕೆಡುತ್ತಿತ್ತು. ಹೊರಗಿನ ಡಿಸ್ಕಿಗೆ ಫೋಟೊಗಳನ್ನು ಕಾಪಿ ಮಾಡಲು ಎರಡು ಗಂಟೆ ಬೇಕಾಯಿತು. ತಂಗಿ ಪಕ್ಕದಲ್ಲೇ ಕೂತು ಒಂದೊಂದು ಫೋಲ್ಡರ್ ಹೆಸರು ಬಂದ ಹಾಗೆ ಇದು ಅವನ ಮೊದಲ ಹುಟ್ಟುಹಬ್ಬ, ಇದು ಶಾಲೆಗೆ ಹೋದ ದಿನ ಅಂತ ಹೇಳುತ್ತಾ ಹೋದಳು. ಎಲ್ಲ ಮುಗಿದು ಒಂದಷ್ಟು ಫೋಟೊ ತೆರೆದು ನೋಡಿದ ಮೇಲೇ ಫಾರ್ಮ್ಯಾಟ್‌ಗೆ ಕೊಟ್ಟದ್ದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು, 4 ಜಿಬಿ ರ‍್ಯಾಮ್ ಬೇಕು, 64 ಜಿಬಿ ಜಾಗ ಬೇಕು. ನೆಟ್ಟಗೆ ಕೆಲಸ ಮಾಡುತ್ತಿರುವ ಎಷ್ಟೋ ಯಂತ್ರಗಳಿಗೆ ಇದು ಇಲ್ಲ. ಅಂಥ ಯಂತ್ರ ಇರುವವರೆಲ್ಲ ನಿಮ್ಮ ಅಂಕಣಕ್ಕೆ ಇದೇ ಪ್ರಶ್ನೆ ಕೇಳಿ ಬರೆಯುತ್ತಾರೆ, ಅಲ್ವಾ? ಅವರಿಗೆ ಮೊದಲು ಪೆನ್‌ಡ್ರೈವಿನಿಂದ ನಡೆಸಿ ನೋಡಿ ಅಂತ ಹೇಳಿ. ಒಳಗಿನ ಡಿಸ್ಕನ್ನು ಮುಟ್ಟುವುದೇ ಬೇಡ. ಇನ್‌ಸ್ಟಾಲ್ ಅನ್ನುವ ಗುಂಡಿ ಒತ್ತದೆ ಇದ್ದರೆ ಆಯಿತು. ವೈಫೈ ಸಿಗುತ್ತದೆಯೇ, ಸದ್ದು ಬರುತ್ತದೆಯೇ, ಪ್ರಿಂಟರ್ ಕೇಳುತ್ತದೆಯೇ, ಎಲ್ಲ ಅರ್ಧ ದಿನದಲ್ಲಿ ಗೊತ್ತಾಗುತ್ತದೆ. ಹಿಡಿಸದಿದ್ದರೆ ಮುಚ್ಚಿ ಪೆನ್‌ಡ್ರೈವ್ ಕಿತ್ತರೆ ಹಳೆಯ ವಿಂಡೋಸ್ ಇದ್ದಲ್ಲೇ ಇರುತ್ತದೆ. ಗಡಿಯಾರ ಕೆಲವು ಗಂಟೆ ಹಿಂದೆ ಮುಂದೆ ಆಗಿದ್ದರೆ ಗಾಬರಿ ಬೇಡ. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ, ಅಂದರೆ ಜಾಗತಿಕ ಸಮಯದ ಲೆಕ್ಕದಲ್ಲಿ ಓದುತ್ತದೆ, ವಿಂಡೋಸ್ ಊರಿನ ಸಮಯದ ಲೆಕ್ಕದಲ್ಲಿ. ಸರಿ ಮಾಡಿಕೊಂಡರೆ ಆಯಿತು.

ಆ ಓದುಗರ ಪ್ರಶ್ನೆಗೆ ಇನ್ನೊಮ್ಮೆ ಉತ್ತರ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ಅವರು ಇನ್ನೂ ಆ ಲ್ಯಾಪ್‌ಟಾಪನ್ನು ಗುಜರಿಗೆ ಹಾಕದೆ ಇದ್ದರೆ, ಪರದೆ ಹತ್ತುತ್ತದೆಯೇ, ಕೀಲಿಗಳು ಕೆಲಸ ಮಾಡುತ್ತವೆಯೇ ಅಂತ ಮೊದಲು ನೋಡಲಿ. ರ‍್ಯಾಮ್ ಎಷ್ಟಿದೆ ಅಂತ ಬರೆದುಕೊಳ್ಳಲಿ. 2 ಜಿಬಿ ಇದ್ದರೆ ನನ್ನದರ ಹಾಗೆಯೇ ನಡೆಯುತ್ತದೆ.

ಇತಿ,
ನಿಮ್ಮ ಪತ್ರಿಕೆಯನ್ನು ದಿನವೂ ಓದುವ ಒಬ್ಬ ಕರಡು ತಿದ್ದುವವಳು